1904ರಲ್ಲಿ ಕುಳಿತು ಒಂದು ಕವಚ ಕ್ರೂಸರ್ ರೂಪಿಸುವುದು

ನಮ್ಮ ಹಡಗು ವಿನ್ಯಾಸ ಕಚೇರಿಯಲ್ಲಿ ನಡೆಯುವುದು ಹೆಚ್ಚಾಗಿ ಟಗ್‌ಗಳ, ಕರಾವಳಿ ಕಾವಲು ನೌಕೆಗಳ, ಸರಬರಾಜು ಹಡಗುಗಳ ಕೆಲಸ. ಹೊಸದಾಗಿ ಸೇರುವ ನೇವಲ್ ಆರ್ಕಿಟೆಕ್ಟುಗಳಿಗೆ ನಾನು ಮೊದಲು ಕೊಡುವ ಅಭ್ಯಾಸಕ್ಕೆ ಇವುಗಳೊಂದಿಗೆ ಮೇಲುನೋಟಕ್ಕೆ ಯಾವ ಸಂಬಂಧವೂ ಕಾಣುವುದಿಲ್ಲ. ಅವರು 1904ರ ಡಿಸೆಂಬರ್‌ನಲ್ಲಿ ಕುಳಿತಿದ್ದೇವೆಂದು ಭಾವಿಸಿ ಒಂದು ಕವಚ ಕ್ರೂಸರ್, ಎಂದರೆ ಬದಿಗೆ ಉಕ್ಕಿನ ಕವಚ ತೊಟ್ಟ ವೇಗದ ಯುದ್ಧನೌಕೆ, ರೂಪಿಸಬೇಕು. ಒಟ್ಟು ತೂಕ 12,000 ಟನ್, ವೇಗ 22.5 ನಾಟ್ (ಗಂಟೆಗೆ ಅಷ್ಟು ಸಮುದ್ರ ಮೈಲಿ), ಜಲರೇಖೆಯ ನಡುಭಾಗಕ್ಕೆ 150 ಮಿಲಿಮೀಟರ್ ದಪ್ಪದ ಕ್ರುಪ್ ಉಕ್ಕು, ಎಂದರೆ ಮೇಲ್ಮೈ ಗಟ್ಟಿಮಾಡಿದ ಕವಚದ ಉಕ್ಕು. ಯಾವ ದೇಶಕ್ಕೆ ಎಂಬುದು ಅವರ ಆಯ್ಕೆ. ಆ ತಿಂಗಳವರೆಗೆ ಜಗತ್ತಿಗೆ ಗೊತ್ತಿದ್ದುದನ್ನೆಲ್ಲ ಬಳಸಬಹುದು, ಆಮೇಲಿನದು ನಿಷಿದ್ಧ. ಕೈಯಲ್ಲಿ ಕಾಗದ, ಪೆನ್ಸಿಲ್, ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಇಂದಿನ ಸಾಫ್ಟ್‌ವೇರ್ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಒಂದು ಸಂಖ್ಯೆ ಬದಲಿಸಿದರೆ ಉಳಿದ ನೂರು ಸಂಖ್ಯೆಗಳು ತಾವಾಗಿಯೇ ಬದಲಾಗುತ್ತವೆ, ಏಕೆ ಬದಲಾದವು ಎಂದು ಯಾರೂ ಕೇಳುವುದಿಲ್ಲ. ಉಗಿಯಂತ್ರದ ಕಾಲದ ಹಡಗನ್ನು ಕೈಯಲ್ಲೇ ತೂಗಬಹುದು. ಅದಕ್ಕಿಂತ ಮುಖ್ಯವಾಗಿ, ಆ ಹಡಗುಗಳ ತೀರ್ಪು ಬಂದಾಗಿದೆ. 1914ರಿಂದ 1916ರ ನಡುವೆ ಸಮುದ್ರವೇ ಅವುಗಳನ್ನು ಪರೀಕ್ಷಿಸಿತು.

ತರುಣರು ಫಿರಂಗಿಯಿಂದ ಶುರುಮಾಡುತ್ತಾರೆ. ಎಷ್ಟು ಫಿರಂಗಿ, ಯಾವ ಅಳತೆಯದು, ಯಾವ ಟರೆಟ್‌ನಲ್ಲಿ (ತಿರುಗುವ ಫಿರಂಗಿ ಗೋಪುರದಲ್ಲಿ) ಎಂದು ಮೊದಲ ದಿನವೇ ಚಿತ್ರ ಬರೆದು ತರುತ್ತಾರೆ. ನಾನು ಚಿತ್ರವನ್ನು ಬದಿಗಿಟ್ಟು ಒಂದೇ ಒಂದು ವಾಕ್ಯ ಕೇಳುತ್ತೇನೆ: ಈ ಹಡಗು ಯಾರನ್ನು ಹಿಡಿಯಬೇಕು, ಯಾರಿಂದ ತಪ್ಪಿಸಿಕೊಳ್ಳಬೇಕು? ಕವಚ ಕ್ರೂಸರ್‌ಗಳ ದುರಂತವೆಲ್ಲ ಈ ವಾಕ್ಯವನ್ನು ಯಾರೂ ಪೂರ್ತಿ ಬರೆಯದೆ ಇದ್ದುದರಲ್ಲಿದೆ ಎಂದು ನಾನು ನಂಬುತ್ತೇನೆ. ವ್ಯಾಪಾರಿ ಹಡಗುಗಳನ್ನು ಕಾಯಬೇಕು, ಶತ್ರುವಿನ ವ್ಯಾಪಾರವನ್ನು ಬೇಟೆಯಾಡಬೇಕು, ದೊಡ್ಡ ನೌಕಾಪಡೆಯ ಮುಂದೆ ಹೋಗಿ ಸುದ್ದಿ ತರಬೇಕು, ಕೊನೆಗೆ ಸಮರನೌಕೆಗಳ ಸಾಲಿನಲ್ಲಿ ನಿಂತು ಗುಂಡು ತಿನ್ನಬೇಕು. ಇಷ್ಟೆಲ್ಲವನ್ನೂ ಒಂದೇ ಒಡಲಿನಿಂದ ಬೇಡಿದರು.

ಹಾಗೆ ಬೇಡಲು ಆ ಕಾಲದಲ್ಲಿ ಕಾರಣವೂ ಇತ್ತು. 1890ರ ದಶಕದ ಕೊನೆಗೆ ಕ್ರುಪ್ ಉಕ್ಕು ಹಳೆಯ ಹಾರ್ವೆ ಕವಚದ ಉಕ್ಕಿನ ಜಾಗಕ್ಕೆ ಬಂದಾಗ, ಮೊದಲಿಗಿಂತ ತೆಳುವಾದ ಫಲಕವೇ ಅದೇ ರಕ್ಷಣೆ ಕೊಡತೊಡಗಿತು. ಆರು ಇಂಚಿನ ಗುಂಡನ್ನು ತಡೆಯುವ ಕವಚವನ್ನು ವೇಗದ ಕ್ರೂಸರ್ ಕೂಡ ಹೊರಬಹುದು ಎಂದಾಯಿತು. ಬ್ರಿಟನ್ನಿನ 12,000 ಟನ್‌ನ ಕ್ರೆಸ್ಸಿ, 14,000 ಟನ್ ದಾಟಿದ ಡ್ರೇಕ್, ಜಪಾನಿಗೆ ಆರ್ಮ್‌ಸ್ಟ್ರಾಂಗ್ ಕಂಪನಿ ಕಟ್ಟಿಕೊಟ್ಟ ಇಜುಮೊ ಇವೆಲ್ಲ ಆ ಉತ್ಸಾಹದ ಮಕ್ಕಳು. ರಷ್ಯಾ-ಜಪಾನ್ ಯುದ್ಧದಲ್ಲಿ, 1904ರ ಆಗಸ್ಟ್ 14ರಂದು, ಕೊರಿಯಾದ ಉಲ್ಸಾನ್ ಬಳಿ ಜಪಾನಿನ ಕವಚ ಕ್ರೂಸರ್‌ಗಳು ರಷ್ಯಾದ ರೂರಿಕ್ ಹಡಗನ್ನು ಮುಳುಗಿಸಿದಾಗ, ಈ ವರ್ಗದ ಭವಿಷ್ಯ ಭದ್ರವೆಂದೇ ತೋರಿತು. ನನ್ನ ವಿದ್ಯಾರ್ಥಿಗಳು ಕುಳಿತಿರುವುದು ಆ ಹುಮ್ಮಸ್ಸಿನ ನಡುವೆ.

ವಾಕ್ಯ ಬರೆದಾದ ಮೇಲೆ ತೂಕ ಹಂಚುತ್ತೇವೆ. ನಾವು ಸಾಮಾನ್ಯವಾಗಿ ಹೊರಡುವ ಅಂದಾಜು ಹೀಗಿರುತ್ತದೆ: ಒಡಲಿಗೆ 4,400 ಟನ್, ಕವಚಕ್ಕೆ 2,900, ಯಂತ್ರಗಳಿಗೆ 2,250, ಫಿರಂಗಿ ಮತ್ತು ಮದ್ದುಗುಂಡಿಗೆ 1,150, ಕಲ್ಲಿದ್ದಲಿಗೆ 800, ಉಳಿದ ಸಾಮಾನು ಮತ್ತು ಸಿಬ್ಬಂದಿಗೆ 500. ಕೂಡಿದರೆ 12,000. ಬಾಕಿ ಸೊನ್ನೆ. ಈ ಸೊನ್ನೆಯ ಮುಂದೆ ತರುಣರು ಮೊದಲ ಬಾರಿ ಮೌನವಾಗುತ್ತಾರೆ, ಏಕೆಂದರೆ ಇನ್ನು ಮುಂದೆ ಯಾರಿಗಾದರೂ ಏನಾದರೂ ಕೊಡಬೇಕಾದರೆ ಬೇರೊಬ್ಬರಿಂದ ಕಿತ್ತುಕೊಳ್ಳಲೇಬೇಕು.

ಕವಚದ 2,900 ಟನ್ ದೊಡ್ಡದೆನಿಸುತ್ತದೆ. ಹತ್ತು ಮಿಲಿಮೀಟರ್ ದಪ್ಪದ ಒಂದು ಚದರ ಮೀಟರ್ ಉಕ್ಕು 78.5 ಕಿಲೋ ತೂಗುತ್ತದೆ. 80 ಮೀಟರ್ ಉದ್ದ, 3 ಮೀಟರ್ ಎತ್ತರ, 150 ಮಿಲಿಮೀಟರ್ ದಪ್ಪದ ಪಟ್ಟಿಯನ್ನು ಎರಡೂ ಬದಿಗೆ ಹಾಕಿದರೆ 565 ಟನ್. ಅದರ ಮೇಲಿನ ಪಟ್ಟಿ, ಹಿಂದು ಮುಂದಿನ ತೆಳು ಪಟ್ಟಿಗಳು, ಅಡ್ಡಗೋಡೆಗಳು, ಕವಚದ ಡೆಕ್, ಟರೆಟ್‌ಗಳು, ಅವುಗಳ ಕೆಳಗಿನ ಬಾರ್ಬೆಟ್‌ಗಳು (ಕವಚದ ಉರುಳೆಗಳು), ಕೇಸ್‌ಮೇಟ್‌ಗಳು (ಹಡಗಿನ ಬದಿಯಲ್ಲಿನ ಕವಚದ ಫಿರಂಗಿ ಕೋಣೆಗಳು), ಕಮಾಂಡರ್ ನಿಲ್ಲುವ ಗೋಪುರ ಸೇರಿಸುತ್ತ ಹೋದರೆ ಆ 2,900 ಎಲ್ಲಿ ಕರಗಿತು ಎಂದು ಹುಡುಕಬೇಕಾಗುತ್ತದೆ.

ಆದರೆ ಹಡಗನ್ನು ನಿಜವಾಗಿ ತಿನ್ನುವುದು ವೇಗ. ನಾವು ಅಡ್ಮಿರಾಲ್ಟಿ ಗುಣಾಂಕ ಎಂಬ ಹಳೆಯ ಸೂತ್ರ ಬಳಸುತ್ತೇವೆ. ತೂಕದ ಮೂರನೇ ಎರಡು ಘಾತವನ್ನು ವೇಗದ ಘನದಿಂದ ಗುಣಿಸಿ, ಅಶ್ವಶಕ್ತಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಜರ್ಮನಿ ಆ ಹೊತ್ತಿನಲ್ಲೇ ಕೈಗೆತ್ತಿಕೊಂಡಿದ್ದ, ಸುಮಾರು 11,600 ಟನ್‌ನ ಶಾರ್ನ್‌ಹಾರ್ಸ್ಟ್‌ಗೆ 22.5 ನಾಟ್ ಮತ್ತು 26,000 ಅಶ್ವಶಕ್ತಿ ಗುರಿ. ಲೆಕ್ಕ ಹಾಕಿದರೆ ಗುಣಾಂಕ 224ರ ಹತ್ತಿರ ಬರುತ್ತದೆ. ಅದನ್ನೇ ನಮ್ಮ ಹಡಗಿಗೆ ಹಚ್ಚಿದರೆ 26,600 ಅಶ್ವಶಕ್ತಿ ಬೇಕು. ಒಂದು ಟನ್ ಯಂತ್ರಕ್ಕೆ 12 ಅಶ್ವಶಕ್ತಿ ಎಂದು ಹಿಡಿದರೆ ನಮ್ಮ 2,250 ಟನ್ ಸರಿಹೊಂದುತ್ತದೆ.

ಆಗ ತಂಡದಲ್ಲಿ ಒಬ್ಬರಾದರೂ 25 ನಾಟ್ ಕೇಳುತ್ತಾರೆ. ಬರೀ ಎರಡೂವರೆ ನಾಟ್ ತಾನೇ ಎಂಬ ಧ್ವನಿಯಲ್ಲಿ. ಬೇಡ ಎನ್ನುವುದಿಲ್ಲ, ಲೆಕ್ಕ ಮಾಡಿ ಎನ್ನುತ್ತೇನೆ. ಅದೇ ತೂಕಕ್ಕೆ 36,500 ಅಶ್ವಶಕ್ತಿಯ ಹತ್ತಿರ ಬರುತ್ತದೆ. ಹೆಚ್ಚುವರಿ ಯಂತ್ರ 800 ಟನ್ ಮೀರುತ್ತದೆ. ಹೆಚ್ಚುವರಿ ಬಾಯ್ಲರ್‌ಗಳಿಗೆ ಉದ್ದ ಬೇಕು. 15 ಮೀಟರ್ ಉದ್ದ ಹೆಚ್ಚಿದರೆ ಮುಖ್ಯ ಪಟ್ಟಿಗೇ ನೂರು ಟನ್ ಮೇಲೆ ಕವಚ ಬೇಕು, ಒಡಲಿನ ಉಕ್ಕು ಬೇರೆ. ಅಷ್ಟು ಬಾಯ್ಲರ್‌ಗಳಿಗೆ ಕಲ್ಲಿದ್ದಲು ಎತ್ತಿ ಹಾಕುವ ಜನ, ಅವರಿಗೆ ಮಲಗುವ ಜಾಗ, ನೀರು, ಆಹಾರ. ತೂಕ ಹೆಚ್ಚಿದ್ದರಿಂದ ಮತ್ತೆ ಶಕ್ತಿ ಸಾಲುವುದಿಲ್ಲ. ಇದನ್ನು ಮೂರು ನಾಲ್ಕು ಸುತ್ತು ಕೈಯಿಂದ ಬರೆದವರು ಜೀವನದಲ್ಲಿ ಇನ್ನೆಂದೂ ‘ಬರೀ ಎರಡು ನಾಟ್’ ಎನ್ನುವುದಿಲ್ಲ.

ಕಲ್ಲಿದ್ದಲಿನ ಸಾಲು ಹೆಚ್ಚು ಮೋಸಗಾರ. 800 ಟನ್ ಎಂಬುದು ಕಾಗದದ ಮೇಲಿನ ಸಾಮಾನ್ಯ ಭಾರ. ದೂರದ ಸಾಗರಕ್ಕೆ ಹೊರಟ ಕಪ್ತಾನ 2,000 ಟನ್ ತುಂಬಿಸುತ್ತಾನೆ. ಶಾರ್ನ್‌ಹಾರ್ಸ್ಟ್‌ನ ಗರಿಷ್ಠ ಸಂಗ್ರಹವೂ ಅಷ್ಟೇ ಇತ್ತು. 145 ಮೀಟರ್ ಉದ್ದ, 21.5 ಮೀಟರ್ ಅಗಲದ ನಮ್ಮ ಹಡಗು ಒಂದು ಸೆಂಟಿಮೀಟರ್ ಮುಳುಗಲು ಸುಮಾರು 20 ಟನ್ ಸಾಕು. ಹೆಚ್ಚುವರಿ 1,200 ಟನ್ ಹೇರಿದರೆ 60 ಸೆಂಟಿಮೀಟರ್ ಕೆಳಗಿಳಿಯುತ್ತದೆ. ನೀರಿನ ಮೇಲೆ 120 ಸೆಂಟಿಮೀಟರ್ ಇಟ್ಟಿದ್ದ ಕವಚದ ಪಟ್ಟಿಯಲ್ಲಿ ಅರ್ಧ ನೀರುಪಾಲು. ನಾವು ಚಿತ್ರದಲ್ಲಿ ಕಾಪಾಡಿದ ಹಡಗು ಒಂದು, ಬಂದರಿನಿಂದ ಹೊರಟ ಹಡಗು ಇನ್ನೊಂದು.

ಫಿರಂಗಿಗಳ ಎತ್ತರದ ವಿಷಯದಲ್ಲಿ ನನಗೆ ಸಹನೆ ಕಡಿಮೆ. ಡ್ರೇಕ್ ವರ್ಗದಲ್ಲಿ ಹದಿನಾರು ಆರು ಇಂಚಿನ ಫಿರಂಗಿಗಳನ್ನು ಎರಡು ಅಂತಸ್ತಿನ ಕೇಸ್‌ಮೇಟ್‌ಗಳಲ್ಲಿ ಜೋಡಿಸಿದರು. ಕೆಳ ಅಂತಸ್ತು ನೀರಿಗೆ ಎಷ್ಟು ಹತ್ತಿರವಿತ್ತೆಂದರೆ ಅಲೆ ಎದ್ದಾಗ ಬಾಗಿಲು ತೆರೆಯುವಂತೆಯೇ ಇರಲಿಲ್ಲ. 1914ರ ನವೆಂಬರ್ 1ರ ಸಂಜೆ ಚಿಲಿಯ ಕೊರೊನೆಲ್ ಬಳಿ ಅದೇ ವರ್ಗದ ಗುಡ್ ಹೋಪ್, ಜೊತೆಗೆ ಬ್ರಿಟನ್ನಿನದೇ ಆದ ಮಾನ್‌ಮತ್, ಬಿರುಸಾದ ಸಮುದ್ರದಲ್ಲಿ ಶಾರ್ನ್‌ಹಾರ್ಸ್ಟ್ ಮತ್ತು ಗ್ನೈಸೆನೌ ಎದುರು ನಿಂತವು. ಕಾಗದದಲ್ಲಿದ್ದ ಫಿರಂಗಿಗಳಲ್ಲಿ ಅನೇಕವು ಅಂದು ಬಾಯಿ ಬಿಡಲಾಗಲಿಲ್ಲ. ಎರಡೂ ಹಡಗುಗಳಿಂದ ಒಬ್ಬನೂ ಬದುಕಿ ಬರಲಿಲ್ಲ. ಫಿರಂಗಿಗಳನ್ನು ಒಂದು ಅಂತಸ್ತು ಮೇಲೆ ಇಡಿ ಎಂದು ತರುಣರು ತಕ್ಷಣ ಹೇಳುತ್ತಾರೆ. ಕವಚ ಸಮೇತ 250 ಟನ್ ಭಾರವನ್ನು ಎರಡೂವರೆ ಮೀಟರ್ ಎತ್ತಿದರೆ ಇಡೀ ಹಡಗಿನ ಗುರುತ್ವ ಕೇಂದ್ರ 5 ಸೆಂಟಿಮೀಟರ್ ಮೇಲೇರುತ್ತದೆ. ವಾಲಿದ ಹಡಗನ್ನು ಮತ್ತೆ ನೆಟ್ಟಗೆ ತರುವ ಸ್ಥಿರತೆಯ ಅಂತರ 90 ಸೆಂಟಿಮೀಟರ್ ಇರುವ ಕಡೆ 5 ಕಳೆದುಕೊಳ್ಳುವುದು ಸಹಿಸಬಹುದಾದ ಬೆಲೆ. ನಾನಾದರೆ ಫಿರಂಗಿಗಳಲ್ಲಿ ಅರ್ಧವನ್ನು ಕಿತ್ತೆಸೆದು ಉಳಿದುದನ್ನು ಮೇಲೆ ಇಡುತ್ತೇನೆ. ಅಲೆಯಲ್ಲೂ ಗುಂಡು ಹಾರಿಸುವ ಎಂಟು ಫಿರಂಗಿಗಳು, ಬೆಳದಿಂಗಳಿನ ಶಾಂತ ಕಡಲಿನಲ್ಲಿ ಮಾತ್ರ ದುಡಿಯುವ ಹದಿನಾರಕ್ಕಿಂತ ಮೇಲು.

ಇನ್ನೊಂದು ಲೆಕ್ಕವನ್ನು ನಾನು ಎಲ್ಲರಿಂದಲೂ ಮಾಡಿಸುತ್ತೇನೆ. ಬಾಯ್ಲರ್ ಕೋಣೆಯ ಪಕ್ಕದಲ್ಲಿ ಉದ್ದಕ್ಕೂ ಕಲ್ಲಿದ್ದಲಿನ ಕೋಣೆ, ನಡುವೆ ನೀರು ತಡೆಯುವ ಗೋಡೆ. ಗುಂಡಿನಿಂದ ರಕ್ಷಣೆಗೆ ಇದು ಚೆನ್ನ. ಒಂದು ಬದಿಗೆ ಟಾರ್ಪೆಡೊ ಬಡಿದು, ಖಾಲಿಯಾದ ಆ ಕೋಣೆಗೆ 600 ಟನ್ ನೀರು, ನಡುರೇಖೆಯಿಂದ 8 ಮೀಟರ್ ದೂರದಲ್ಲಿ ತುಂಬಿದರೆ? ಹಡಗು 24 ಡಿಗ್ರಿಯ ಹತ್ತಿರ ವಾಲುತ್ತದೆ. ಪೋರ್ಟ್ ಆರ್ಥರ್‌ನಲ್ಲಿ 1904ರ ಫೆಬ್ರುವರಿಯಲ್ಲಿ ಟಾರ್ಪೆಡೊಗಳು, ಏಪ್ರಿಲ್ ಮತ್ತು ಮೇನಲ್ಲಿ ಮೈನ್‌ಗಳು (ನೀರಿನಲ್ಲಿ ಹುದುಗಿಸಿಟ್ಟ ಸಿಡಿಬಾಂಬುಗಳು) ಏನು ಮಾಡಿದವೆಂದು ಆ ಡಿಸೆಂಬರ್‌ನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಈ ಲೆಕ್ಕ ನಮ್ಮ ದಿನಾಂಕದ ಗಡಿಯೊಳಗೇ ಇದೆ. 1914ರ ಸೆಪ್ಟೆಂಬರ್ 22ರ ಬೆಳಿಗ್ಗೆ ಜರ್ಮನಿಯ ಯು-9 ಎಂಬ ಒಂದೇ ಸಬ್‌ಮರೀನ್ ಬ್ರಿಟನ್ನಿನ ಕವಚ ಕ್ರೂಸರ್‌ಗಳಾದ ಅಬೌಕಿರ್, ಹೋಗ್, ಕ್ರೆಸ್ಸಿ ಮೂರನ್ನೂ ಮುಳುಗಿಸಿತು. 1,400ಕ್ಕೂ ಹೆಚ್ಚು ಜನ ಸತ್ತರು; ಅವರಲ್ಲಿ ನೌಕಾ ಶಾಲೆಯಿಂದ ನೇರವಾಗಿ ಬಂದ ಹುಡುಗರೂ ಇದ್ದರು. ಈ ಭಾಗ ಹೇಳುವಾಗ ನನ್ನ ಗಂಟಲು ಈಗಲೂ ಬಿಗಿಯುತ್ತದೆ.

ಅದೇ ದಿನದ ರಾತ್ರಿ ನಮ್ಮ ಪಕ್ಕದ ಮದ್ರಾಸಿನ ಮೇಲೆ ಜರ್ಮನಿಯ ಲಘು ಕ್ರೂಸರ್ ಎಂಡೆನ್ ಗುಂಡು ಹಾರಿಸಿ ತೈಲ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿತು. ಶಾರ್ನ್‌ಹಾರ್ಸ್ಟ್ ಇದ್ದ ಪಡೆಯಿಂದಲೇ ಬೇರೆಯಾಗಿ ಬಂದ ಹಡಗು ಅದು. ಪಕ್ಕಕ್ಕೆ ಕವಚದ ಪಟ್ಟಿ ಇಲ್ಲ, ತೂಕ 4,000 ಟನ್‌ಗಿಂತ ಕಡಿಮೆ, 10.5 ಸೆಂಟಿಮೀಟರ್ ಫಿರಂಗಿಗಳು ಹತ್ತು. ಹಿಂದೂ ಮಹಾಸಾಗರದ ವ್ಯಾಪಾರವನ್ನು ತಿಂಗಳುಗಟ್ಟಲೆ ನಡುಗಿಸಲು ಅಷ್ಟೇ ಸಾಕಾಯಿತು. ವ್ಯಾಪಾರ ಬೇಟೆಯೇ ಹಡಗಿನ ಕೆಲಸ ಎಂದು ವಾಕ್ಯ ಬರೆದ ತಂಡಗಳಿಗೆ ಅಭ್ಯಾಸ ಮುಗಿದ ಮೇಲೆ ನಾನು ಇದನ್ನು ತೋರಿಸುತ್ತೇನೆ. ಮೂರು ಪಟ್ಟು ತೂಕವನ್ನು ಏತಕ್ಕೆ ಖರ್ಚು ಮಾಡಿದಿರಿ ಎಂಬುದಕ್ಕೆ ಅವರು ಉತ್ತರ ಹುಡುಕಬೇಕು.

ಒಂದು ತಂಡದ ಹುಡುಗಿ ನಾಲ್ಕು 12 ಇಂಚಿನ ಫಿರಂಗಿ ಬೇಕೆಂದು ಹಟ ಹಿಡಿದಳು. ವೇಗ ಇಪ್ಪತ್ತು ನಾಟ್ ಮೀರಿದರೆ ಸಾಕು, ಎರಡನೇ ದರ್ಜೆಯ ಫಿರಂಗಿಗಳೂ ಕಡಿಮೆ ಇರಲಿ, ಆದರೆ ಸಮರನೌಕೆಯನ್ನು ನೋಯಿಸಬಲ್ಲ ಹಡಗು ಇರಲಿ ಎಂಬುದು ಅವಳ ವಾದ. ಜೊತೆಯವರು ನಕ್ಕರು. ಅವಳ ಕಾರಣ ಸ್ಪಷ್ಟವಾಗಿತ್ತು: ಮೈನ್‌ಗಳಿಗೆ ಎರಡು ಸಮರನೌಕೆ ಕಳೆದುಕೊಂಡ ಜಪಾನಿಗೆ ತುರ್ತಾಗಿ ಬೇಕಾದುದು ಅದೇ. 1905ರ ಜನವರಿಯಲ್ಲಿ ಕುರೆಯಲ್ಲಿ ಜಪಾನ್ ಅಡಿಪಾಯ ಹಾಕಿದ ತ್ಸುಕುಬಾ ಬಹುಮಟ್ಟಿಗೆ ಅಂಥ ಹಡಗು, 13,750 ಟನ್, ನಾಲ್ಕು 12 ಇಂಚು. ಅದನ್ನು ಅವಳು ಓದಿರಲಿಲ್ಲ. ಕೆಲಸದ ವಾಕ್ಯವನ್ನು ಪ್ರಾಮಾಣಿಕವಾಗಿ ಬರೆದು ಅದರ ಹಿಂದೆ ಹೋಗಿದ್ದಳು. ಅಂದಿನ ನನ್ನ ಸಂತೋಷವನ್ನು ಮುಚ್ಚಿಡಲು ನಾನು ಪ್ರಯತ್ನಿಸಲಿಲ್ಲ.

ಇದರ ಫಲ ನಮ್ಮ ದಿನದ ಕೆಲಸದಲ್ಲಿ ಕಾಣುತ್ತದೆ. ಕಾವಲು ನೌಕೆಯ ವಿನ್ಯಾಸ ಅರ್ಧಕ್ಕೆ ಬಂದಾಗ ಇನ್ನೊಂದು ಕ್ರೇನ್, ಸ್ವಲ್ಪ ದೊಡ್ಡ ದೋಣಿ, ಒಂದು ನಾಟ್ ವೇಗ ಎಂದು ಬೇಡಿಕೆ ಬರುತ್ತಲೇ ಇರುತ್ತದೆ. ಈ ಅಭ್ಯಾಸ ಮಾಡಿದ ಎಂಜಿನಿಯರು ಹೌದು ಅಥವಾ ಇಲ್ಲ ಎಂದು ಹೇಳುವುದಕ್ಕೆ ಮೊದಲು ತೂಕದ ದಾಖಲೆ ತೆರೆದು, ಇದು ಯಾವ ಸಾಲಿನಿಂದ ಬರಬೇಕು ಎಂದು ಗ್ರಾಹಕರನ್ನೇ ಕೇಳುತ್ತಾರೆ. ನಮ್ಮ ದಾಖಲೆಯಲ್ಲಿ ಪ್ರತಿ ಸಾಲಿನ ಎದುರು ಅದಕ್ಕೆ ಹೊಣೆಯಾದವರ ಹೆಸರಿರುತ್ತದೆ. ಮೀಸಲಿಟ್ಟ ಟನ್‌ಗಳನ್ನು ಯಾರು, ಯಾವ ದಿನ, ಏಕೆ ಬಳಸಿದರು ಎಂಬುದೂ ಇರುತ್ತದೆ.

ಮುಂದಿನ ತಂಡಕ್ಕೆ ದಿನಾಂಕವನ್ನು ಎರಡು ವರ್ಷ ಮುಂದೂಡುತ್ತಿದ್ದೇನೆ, 1906ರ ಕೊನೆಗೆ. ಆ ಹೊತ್ತಿಗೆ ಬ್ರಿಟನ್ನಿನಲ್ಲಿ ಇನ್‌ವಿನ್ಸಿಬಲ್ ಎಂಬ ಯುದ್ಧನೌಕೆ ನಿರ್ಮಾಣ ಕಟ್ಟೆಯ ಮೇಲಿದೆ: ಎಂಟು 12 ಇಂಚು, ಟರ್ಬೈನ್, 25 ನಾಟ್. ಆದರೆ ಜರ್ಮನಿಯ ವಿನ್ಯಾಸಕರು ಅದಕ್ಕೆ 9.2 ಇಂಚಿನ ಫಿರಂಗಿಗಳೇ ಇರುತ್ತವೆ ಎಂದು ನಂಬಿದ್ದರು. ಆ ನಂಬಿಕೆಯ ಮೇಲೆ ಹನ್ನೆರಡು 21 ಸೆಂಟಿಮೀಟರ್ ಫಿರಂಗಿಗಳ ಬ್ಲೂಷರ್ ರೂಪಿಸಿ, 1907ರ ಫೆಬ್ರುವರಿಯಲ್ಲಿ ಅಡಿಪಾಯ ಹಾಕಿದರು. ಕವಚ ಕ್ರೂಸರ್‌ಗಳಲ್ಲೇ ಅತಿ ಸೊಗಸಾದ ಹಡಗುಗಳಲ್ಲಿ ಅದೊಂದು. 1915ರ ಜನವರಿ 24ರಂದು ಡಾಗರ್ ಬ್ಯಾಂಕ್‌ನಲ್ಲಿ ಮುಳುಗಿತು. ನಾನು ತಂಡಕ್ಕೆ ಕೊಡಲಿರುವುದು ಜರ್ಮನರ ಕೈಯಲ್ಲಿದ್ದ ಆ ತಪ್ಪು ಮಾಹಿತಿಯನ್ನೇ. ತಿದ್ದಿದ ಮಾಹಿತಿ ಮೂರನೇ ವಾರ ಬರುತ್ತದೆ. ಆಗ ಎಷ್ಟು ತೂಕ ಇನ್ನೂ ಅವರ ಕೈಯಲ್ಲಿ ಉಳಿದಿರುತ್ತದೆ, ಎಷ್ಟು ಆಗಲೇ ಉಕ್ಕಾಗಿ ಹೋಗಿರುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಬೇಕು.