ಉಜ್ಜೀವನ ಎಲ್ಲಾ ಫಾರಿನ್ನಲ್ಲೇ ಆಗಿದ್ದಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಯೂತ್ ಮೀಟಿಂಗ್ ಮುಗಿದು ಎಲ್ಲರೂ ಟೀ ಕುಡೀತಾ ನಿಂತಿರುವಾಗ ಯಾರಾದ್ರೂ ಒಬ್ರು ಬಂದು ಕೇಳೇ ಕೇಳ್ತಾರೆ, "ಅಕ್ಕಾ, ಈ ಉಜ್ಜೀವನ ಅನ್ನೋದೆಲ್ಲಾ ಫಾರಿನ್ನಲ್ಲೇ ಆಗಿರೋದಲ್ವಾ, ನಮ್ ಕಡೆ ಯಾಕೆ ಒಂದೂ ಆಗಿಲ್ಲ?" ಅಂತ. ಹತ್ತು ವರ್ಷದಿಂದ ಬೆಂಗಳೂರಿನ ಬೇರೆಬೇರೆ ಕನ್ನಡ ಸಭೆಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, ಸಭೆಯ ಚರಿತ್ರೆ ಬಗ್ಗೆ ಮಾತಾಡ್ತಾ ಬಂದಿದೀನಿ, ಲಿಂಗರಾಜಪುರದಲ್ಲಿ ಮನೆಮನೆಯಲ್ಲಿ ಸೇರೋ ಕಾಟೇಜ್ ಪ್ರೇಯರ್ ಆಗ್ಲಿ, ಕೆಂಗೇರಿ ಕಡೆ ಉಪವಾಸ ಕೂಟ ಆಗ್ಲಿ, ಈ ಪ್ರಶ್ನೆ ಮಾತ್ರ ತಪ್ಪಿಲ್ಲ. ಟೀ ಲೋಟ ಖಾಲಿಯಾಗೋ ಅಷ್ಟರಲ್ಲಿ ಹೇಳಿ ಮುಗಿಸೋ ಉತ್ತರ ಅಲ್ಲ ಇದು, ಅದಕ್ಕೇ ಬರೀತಾ ಇದೀನಿ.

ಗೊತ್ತಿಲ್ಲದೋರಿಗೆ ಒಂದು ಮಾತು. ಉಜ್ಜೀವನ ಅಂದ್ರೆ ದೊಡ್ಡ ಪೆಂಡಾಲು, ಮೈಕು, ಬ್ಯಾನರ್ ಅಂತ ತುಂಬಾ ಜನ ಅಂದ್ಕೊಂಡಿದಾರೆ. ತಣ್ಣಗಾಗಿದ್ದ ಸಭೆಗೆ ಮತ್ತೆ ಜೀವ ಬಂದು, ಯಾರೂ ಬಲವಂತ ಮಾಡ್ದೇನೇ ಜನ ತಮ್ಮ ತಪ್ಪು ಒಪ್ಕೊಂಡು, ಮಾತು ಬಿಟ್ಟೋರ ಹತ್ರ ಹೋಗಿ ಮಾತಾಡಿ, ಕದ್ದಿದ್ದು ವಾಪಸ್ ಕೊಟ್ಟು, ರಾತ್ರಿಯೆಲ್ಲಾ ಪ್ರಾರ್ಥನೇಲಿ ಕೂತಿರೋ ಹಾಗಾಗುತ್ತಲ್ಲ, ಅದನ್ನ ಉಜ್ಜೀವನ ಅಂತೀವಿ.

ಕೇಳೋರದ್ದು ತಪ್ಪೇನಿಲ್ಲ, ನಾವು ಚಿಕ್ಕೋರಿದ್ದಾಗಿಂದ ಕೇಳಿದ ಕಥೆಗಳೆಲ್ಲಾ ಅಲ್ಲೀವೇ. 1857ರ ಸೆಪ್ಟೆಂಬರ್ 23ನೇ ತಾರೀಕು ನ್ಯೂಯಾರ್ಕ್‌ನ ಫುಲ್ಟನ್ ಸ್ಟ್ರೀಟಲ್ಲಿ ಜೆರೆಮಯ ಲ್ಯಾನ್‌ಫಿಯರ್ ಅನ್ನೋರು ಮಧ್ಯಾಹ್ನ ಪ್ರಾರ್ಥನೆ ಇದೆ ಬನ್ನಿ ಅಂತ ಕರೆದು ಅರ್ಧ ಗಂಟೆ ಒಬ್ರೇ ಕೂತಿದ್ರು, ಕೊನೆಗೆ ಸೇರಿದ್ದು ಆರೇ ಜನ, ಅದೇ ಮುಂದೆ ಇಡೀ ಅಮೆರಿಕಕ್ಕೆ ಹರಡ್ತು. 1904ರಲ್ಲಿ ವೇಲ್ಸ್‌ನ ಉಜ್ಜೀವನದಲ್ಲಿ ಮುಂದೆ ನಿಂತಿದ್ದು 26 ವರ್ಷದ ಇವಾನ್ ರಾಬರ್ಟ್ಸ್, ಗಣಿಯಲ್ಲಿ ಕೆಲಸ ಮಾಡಿದ್ದ ಹುಡುಗ. 1906ರ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್‌ನ ಅಜುಸಾ ಸ್ಟ್ರೀಟ್, ಅಲ್ಲಿ ಮುಂದೆ ನಿಂತಿದ್ದು, ಹಿಂದೆ ಗುಲಾಮರಾಗಿದ್ದ ಅಪ್ಪ ಅಮ್ಮನಿಗೆ ಹುಟ್ಟಿದ ವಿಲಿಯಂ ಸೆಮೋರ್. ಇವರೆಲ್ಲಾ ನನಗೂ ತುಂಬಾ ಪ್ರೀತಿಯ ಹೆಸರುಗಳೇ. ಆದ್ರೆ ಅಜುಸಾ ಸ್ಟ್ರೀಟಿಗಿಂತ ಒಂಬತ್ತು ತಿಂಗಳು ಮುಂಚೆ, ನಮ್ಮ ಕರ್ನಾಟಕದ ಕಾಡಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಕಟ್ಟಿದ ಮನೇಲಿ ಏನಾಯ್ತು ಅನ್ನೋದು ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಗೊತ್ತೇ ಇಲ್ಲ, ನನಗೆ ಸಂಕಟ ಆಗೋದು ಅಲ್ಲೇ.

ಪಂಡಿತಾ ರಮಾಬಾಯಿ. ಹೆಸರು ಕೇಳಿದ ತಕ್ಷಣ ಮಹಾರಾಷ್ಟ್ರದೋರು ಅಂತಾರೆ. ಅವರು 1858ರಲ್ಲಿ ಹುಟ್ಟಿದ್ದು ಗಂಗಾಮೂಲದ ಕಾಡಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟೋ ಅದೇ ಗಂಗಾಮೂಲ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ರದ ಮಾಳದ ಕಡೆಯವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ರು ಅನ್ನೋದು ಆ ಕಾಲಕ್ಕೆ ದೊಡ್ಡ ವಿರೋಧಕ್ಕೆ ಕಾರಣವಾಗಿ ಕೊನೆಗೆ ಕಾಡಿಗೆ ಹೋಗಿ ಮನೆ ಮಾಡಿದ್ರು, ಆಮೇಲೆ ಆ ಅಮ್ಮನೇ ಮಗಳಿಗೆ ಸಂಸ್ಕೃತ ಹೇಳ್ಕೊಟ್ರು. ನಂತರ ಇಡೀ ಕುಟುಂಬ ತೀರ್ಥಯಾತ್ರೆ ಮಾಡ್ಕೊಂಡು ಪುರಾಣ ಓದ್ಕೊಂಡು ಊರೂರು ಅಲೀತಾ ಇತ್ತು, 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೆ ಒಬ್ಬರು ಹೋಗ್ಬಿಟ್ರು. ಅಣ್ಣನ ಜೊತೆ ಬರಿಗಾಲಲ್ಲಿ ನಡೆದು 1878ಕ್ಕೆ ಕಲ್ಕತ್ತ ಸೇರಿದ ಆ ಹುಡುಗಿಯ ಪಾಂಡಿತ್ಯ ನೋಡಿ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ರು. ಮದುವೆಯಾಗಿ ಎರಡು ವರ್ಷ ತುಂಬೋ ಮೊದಲೇ ಗಂಡ ಕಾಲರಾದಲ್ಲಿ ತೀರ್ಕೊಂಡ್ರು, ಕಂಕುಳಲ್ಲಿ ಮನೋರಮಾ ಅನ್ನೋ ಮಗು. 1883ರಲ್ಲಿ ಇಂಗ್ಲೆಂಡಲ್ಲಿ ಕ್ರೈಸ್ತ ದೀಕ್ಷಾಸ್ನಾನ, 1889ರಲ್ಲಿ ಬಾಂಬೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ, ಆಮೇಲೆ ಪುಣೆ ಹತ್ರದ ಕೇಡ್‌ಗಾಂವ್‌ನಲ್ಲಿ 'ಮುಕ್ತಿ' ಅನ್ನೋ ಆಶ್ರಯದ ಮನೆ. ಬರಗಾಲದಲ್ಲಿ ತಾವೇ ಹೋಗಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದ್ರು, 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಜನ. ಊಟದ ಬೆಲೆ ಏನು ಅಂತ ಹಸಿವಲ್ಲಿ ಹೆತ್ತೋರನ್ನ ಕಳ್ಕೊಂಡೋರಿಗೇ ಗೊತ್ತಲ್ವಾ.

ಈಗ 1905ಕ್ಕೆ ಬನ್ನಿ. ಜನವರಿಯಲ್ಲಿ ರಮಾಬಾಯಿ ದಿನಾ ಪ್ರಾರ್ಥನೆಗೆ ಯಾರು ಬರ್ತೀರಾ ಅಂತ ಕೇಳಿದ್ರು, ಎಪ್ಪತ್ತು ಜನ ಬಂದ್ರು, ಜೂನ್ ಹೊತ್ತಿಗೆ ಐನೂರು ದಾಟಿತ್ತು. ಅವರೊಂದಿಗೆ ಮಿನ್ನಿ ಅಬ್ರಾಮ್ಸ್ ಅಂತ ಅಮೆರಿಕದ ಒಬ್ಬ ಮಿಷನರಿ ಇದ್ರು, ಆಮೇಲೆ ಆಗಿದ್ದನ್ನ ಬರೆದಿಟ್ಟೋರು ಅವರೇ. ಜೂನ್ 29ರ ಬೆಳಗಿನ ಜಾವ ಮೂರೂವರೆ. ಹಾಸ್ಟೆಲ್ ಥರದ ಉದ್ದನೆ ಕೋಣೆ, ಸಾಲಾಗಿ ಮಲಗಿರೋ ಹುಡುಗೀರು. ಒಬ್ಬ ಹುಡುಗಿ ಮೇಲೆ ಪವಿತ್ರಾತ್ಮ ಇಳಿದ. ಪಕ್ಕದಲ್ಲಿ ಮಲಗಿದ್ದೋಳಿಗೆ ಎಚ್ಚರ ಆಗಿ ನೋಡಿದ್ರೆ ಗೆಳತಿ ಸುತ್ತಾ ಬೆಂಕಿ, ಇವಳು ದಡಬಡ ಎದ್ದು ಕೋಣೆ ಆ ತುದಿಗೆ ಓಡಿ ಬಕೆಟ್ಟಲ್ಲಿ ನೀರು ತುಂಬ್ಕೊಂಡು ಓಡಿ ಬಂದಳು, ಇನ್ನೇನು ಸುರೀಬೇಕು, ಆಗ ಗೊತ್ತಾಯ್ತು ಬಟ್ಟೆ ಸುಡ್ತಾ ಇಲ್ಲ, ಇದು ಆ ಬೆಂಕಿ ಅಲ್ಲ ಅಂತ. ಮಾರನೇ ದಿನ ಸಂಜೆ ರಮಾಬಾಯಿ ಎಂದಿನ ಹಾಗೆ ಮೆಲ್ಲಗೆ ಯೋಹಾನನ ಸುವಾರ್ತೆ 8ನೇ ಅಧ್ಯಾಯ ವಿವರಿಸ್ತಾ ಇದ್ರು, ಹುಡುಗೀರೆಲ್ಲಾ ಒಟ್ಟಿಗೆ ಗಟ್ಟಿಯಾಗಿ ಅಳ್ತಾ ಪ್ರಾರ್ಥನೆ ಮಾಡೋಕೆ ಶುರು ಮಾಡಿದ್ರು, ಅವರು ಮಾತು ನಿಲ್ಲಿಸಬೇಕಾಯ್ತು.

ಈ ಬಕೆಟ್ ಕಥೆನ ಹೋದ ವರ್ಷ ಲಿಂಗರಾಜಪುರದ ಒಂದು ಮನೇಲಿ ಹೇಳ್ದೆ. ಹತ್ತು ಹನ್ನೆರಡು ಜನ ಚಾಪೆ ಮೇಲೆ ಕೂತಿದ್ರು, ಕರೆಂಟ್ ಹೋಗಿ ಯಾರೋ ಮೊಬೈಲ್ ಲೈಟ್ ಹಾಕಿ ಗೋಡೆಗೆ ಒರಗಿಸಿ ಇಟ್ಟಿದ್ರು. ಮನೆಕೆಲಸಕ್ಕೆ ಹೋಗೋ ಒಬ್ಬ ಅಮ್ಮ ಇದ್ರು, ಕೂಟದಲ್ಲಿ ಯಾವತ್ತೂ ಮಾತಾಡಿದೋರಲ್ಲ, ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು, "ಆ ನೀರು ತಂದ ಹುಡುಗಿ ಹೆಸರೇನಮ್ಮಾ?" ನಾನು ಓದಿದ ಬರಹದಲ್ಲಿ ಹೆಸರಿಲ್ಲ ಅಂದೆ. "ಯಾರೂ ಬರ್ಕೊಳ್ಳಲಿಲ್ವಾ?" ಅಂದ್ರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ನನಗೆ. ನಾನು ರಮಾಬಾಯಿ ಹೆಸರು ಯಾರಿಗೂ ಗೊತ್ತಿಲ್ಲ ಅಂತ ಸಂಕಟ ಪಡ್ತಾ ಇದ್ರೆ ಆ ಅಮ್ಮ ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿದು ಬಕೆಟ್ ಹಿಡಿದೋಳನ್ನ ಹುಡುಕ್ತಾ ಇದ್ರು.

ಇನ್ನು ಆ ಬೆಂಕಿ ಎಲ್ಲಿಗೆ ಹೋಯ್ತು ಅಂತ ಕೇಳಿ. ಮಿನ್ನಿ 1906ರಲ್ಲಿ ಮುಕ್ತಿಯಲ್ಲಿ ಆಗಿದ್ದನ್ನ ಒಂದು ಚಿಕ್ಕ ಪುಸ್ತಕ ಮಾಡಿ, ಚಿಕಾಗೋದಲ್ಲಿ ತಮ್ಮ ಜೊತೆ ಓದಿದ್ದ ಗೆಳತಿಗೆ ಕಳಿಸಿದ್ರು. ಆ ಗೆಳತಿ ಇದ್ದಿದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ವಾಲ್ಪರೈಸೊ ಊರಲ್ಲಿ, ಅವರ ಗಂಡ ವಿಲ್ಲಿಸ್ ಹೂವರ್ ಮೆಥಡಿಸ್ಟ್ ಸಭೆಯ ಪಾಸ್ಟರ್. ಗಂಡ ಹೆಂಡತಿ ಇಬ್ಬರೂ ಓದಿದ್ರು, ಸಭೆಯೋರ ಜೊತೆ ಪ್ರಾರ್ಥನೆಗೆ ಕೂತ್ರು, 1909ರಲ್ಲಿ ಅಲ್ಲಿ ಉಜ್ಜೀವನ ಆಯ್ತು, ಇವತ್ತು ಚಿಲಿಯ ಪೆಂತೆಕೊಸ್ತ್ ಸಭೆಗಳು, ಅಂದ್ರೆ ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡೋ ಸಭೆಗಳು, ತಮ್ಮ ಹುಟ್ಟನ್ನ ಹೇಳೋದೇ ಅಲ್ಲಿಂದ. ಅಂದ್ರೆ ನೋಡಿ, ಗಂಗಾಮೂಲದ ಮಗಳ ಮನೆಯಿಂದ ಹೊರಟ ಸುದ್ದಿ ಸಮುದ್ರ ದಾಟಿ ಫಾರಿನ್ನಿಗೆ ಹೋಗಿದೆ, ನಾವು ಇಲ್ಲಿ ಕೂತ್ಕೊಂಡು ಅಲ್ಲಿಂದ ಯಾವಾಗ ಬರುತ್ತೆ ಅಂತ ಕಾಯ್ತಾ ಇದೀವಿ. ಮಿನ್ನಿ 1912ರಲ್ಲಿ ತೀರ್ಕೊಂಡ್ರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಓದು ಬರಹ ಕಮ್ಮಿ ಇರೋ ಹೆಂಗಸರಿಗೂ ಅರ್ಥ ಆಗೋ ಮರಾಠಿಯಲ್ಲಿ ಇಡೀ ಸತ್ಯವೇದ (ಬೈಬಲ್) ಅನುವಾದ ಮಾಡಿದ್ರು, ಅದರ ಅಚ್ಚುಮೊಳೆ ಜೋಡಿಸಿದ್ದೂ ಮುಕ್ತಿಯ ಹೆಣ್ಣುಮಕ್ಕಳೇ. 1922ರ ಏಪ್ರಿಲ್‌ನಲ್ಲಿ ಅವರೂ ಹೋದ್ರು. ನಮ್ಮ ಗುಲ್ಬರ್ಗದಲ್ಲೂ ಅವರು ಹೆಣ್ಣುಮಕ್ಕಳಿಗೆ ಶಾಲೆ ಶುರು ಮಾಡಿದ್ರು, ಮಗಳು ಮನೋರಮಾ ಜೊತೆ ನಿಂತಿದ್ರು.

ಇದೊಂದೇನಾ ಅಂತ ಕೇಳ್ಬೇಡಿ, 1905ರಲ್ಲೇ ಈಗಿನ ಮೇಘಾಲಯದ ಖಾಸಿ ಬೆಟ್ಟಗಳಲ್ಲೂ ಆಗಿದೆ. ಅದಕ್ಕೂ 45 ವರ್ಷ ಮುಂಚೆ, 1860ರಲ್ಲಿ, ಪಕ್ಕದ ತಮಿಳುನಾಡಲ್ಲಿ ಅರುಳಪ್ಪನ್ ಅಂತ ಒಬ್ರು. ಯಾವ ಮಿಷನ್‌ನಿಂದಲೂ ಸಂಬಳ ತಗೊಳ್ಳದೆ, ದೇವರು ಕೊಟ್ಟಷ್ಟರಲ್ಲಿ ಬದುಕ್ತೀನಿ ಅಂತ ನಿರ್ಧಾರ ಮಾಡಿ 1840ರಲ್ಲಿ ಕ್ರಿಶ್ಚಿಯನ್‌ಪೇಟೆ ಅನ್ನೋ ಹಳ್ಳಿ ಕಟ್ಟಿದ್ರು. ಅಮೆರಿಕ, ಐರ್ಲೆಂಡ್ ಕಡೆಯ ಉಜ್ಜೀವನದ ಸುದ್ದಿ ಬಂದಾಗ ಅದನ್ನ ಜನರಿಗೆ ಹೇಳಿದ್ರು, ಆಮೇಲೆ ಅಲ್ಲೇ ಶುರುವಾಯ್ತು, ತಿರುನೆಲ್ವೇಲಿ ಸುತ್ತಮುತ್ತ ಹರಡ್ತು, ಮುಂದೆ ನಿಂತೋರೆಲ್ಲಾ ಆ ಊರಿನೋರೇ, ಹೆಂಗಸರೂ ಎದ್ದು ನಿಂತು ಪ್ರಾರ್ಥನೆ ಮಾಡ್ತಿದ್ರು. 1870ರ ದಶಕದಲ್ಲಿ ಅದು ಈಗಿನ ಕೇರಳದ ತಿರುವಾಂಕೂರು ಕಡೆ ಹೋಯ್ತು, ಅಲ್ಲಿ ಜಸ್ಟಸ್ ಜೋಸೆಫ್ ಅನ್ನೋ ದೊಡ್ಡ ವಿದ್ವಾಂಸ, ಎಂಥಾ ಚೆಂದದ ಹಾಡುಗಳನ್ನ ಬರೆದೋರು, ಆದ್ರೆ 1881ರಲ್ಲಿ ಕ್ರಿಸ್ತನು ಮತ್ತೆ ಬರ್ತಾನೆ ಅಂತ ವರ್ಷ ಹೇಳ್ಬಿಟ್ರು, ಆ ವರ್ಷ ಬಂತು ಹೋಯ್ತು, ನಂಬಿದ್ದ ಎಷ್ಟೋ ಜನರ ಮನಸ್ಸು ಮುರೀತು. ಇದನ್ನ ನಾನು ಮಕ್ಕಳಿಗೆ ಮುಚ್ಚಿಡೋದಿಲ್ಲ. ಒಳ್ಳೇದನ್ನ ಮಾತ್ರ ಹೇಳಿದ್ರೆ ಅದು ಸಾಕ್ಷಿ ಆಗಲ್ಲ, ನಾಳೆ ಯಾರೋ ಸ್ಟೇಜ್ ಮೇಲೆ ನಿಂತು ತಾರೀಕು ಹೇಳಿದಾಗ ಈ ಮಕ್ಕಳು ಹುಷಾರಾಗಿರಬೇಕಲ್ಲ.

ಸರಿ, ಬೆಂಗಳೂರಲ್ಲಿ ಯಾರಿದ್ರು? ಶಂಕರಲಿಂಗಂ ಅಂತ ಒಬ್ಬ ತಮಿಳು ಹುಡುಗ ಸೈನ್ಯದ ಅಧಿಕಾರಿಗಳ ಹತ್ರ ಕೆಲಸಕ್ಕಿದ್ದೋನು, ಕ್ರಿಸ್ತನನ್ನ ನಂಬಿ ಸ್ಯಾಮುಯೆಲ್ ಫ್ಲೇವೆಲ್ ಅಂತ ಹೆಸರಿಟ್ಕೊಂಡ, 1820ರ ದಶಕದಲ್ಲಿ ಇದೇ ಬೆಂಗಳೂರಲ್ಲಿ ಸಭೆಯ ಬೋಧಕ, ಆಮೇಲೆ ಬಳ್ಳಾರಿಯಲ್ಲಿ ಎಷ್ಟೋ ವರ್ಷ ಸೇವೆ ಮಾಡಿ 1847ರಲ್ಲಿ ಕಾಲರಾಕ್ಕೆ ಬಲಿಯಾದ್ರು. ಅವೆನ್ಯೂ ರೋಡಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಮುಂದೆ ದಿನಾ ಸಾವಿರಾರು ಜನ ಓಡಾಡ್ತಾರೆ. ಶಾಸನಗಳ ಬಿ.ಎಲ್. ರೈಸ್ ನಮಗೆಲ್ಲಾ ಗೊತ್ತು, ಈ ಚರ್ಚು ಅವರ ಅಪ್ಪ ಬೆಂಜಮಿನ್ ರೈಸ್ ಹೆಸರಲ್ಲಿದೆ, 1837ರಲ್ಲಿ ಬಂದು ಐವತ್ತು ವರ್ಷ ಇಲ್ಲೇ ಇದ್ದೋರು. ಅವರ ಹೆಂಡತಿ, ಜೊತೆಗೆ ಇನ್ನೊಬ್ಬ ಮಿಷನರಿ ಸೀವೆಲ್ ಅವರ ಹೆಂಡತಿ, 1840ರ ದಶಕದಲ್ಲಿ ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ಶುರು ಮಾಡಿದ್ರು. ಇದನ್ನ ಉಜ್ಜೀವನ ಅಂತ ನಾನು ಕರೆಯೋದಿಲ್ಲ, ಆದ್ರೆ ಓದೋಕೆ ಬಂದ ಹೆಣ್ಣುಮಕ್ಕಳೇ ಇಲ್ದಿದ್ರೆ ನಮ್ಮ ಅಜ್ಜಿಯರ ಕೈಗೆ ಸತ್ಯವೇದ ಹೇಗೆ ಬರ್ತಿತ್ತು ಅಂತ ಯೋಚನೆ ಮಾಡಿ ನೋಡಿ.

ಹಾಗಾಗಿ ಟೀ ಲೋಟ ಹಿಡ್ಕೊಂಡು ಕೇಳೋ ತಮ್ಮಂದಿರಿಗೆ ತಂಗಿಯರಿಗೆ ನನ್ನ ಉತ್ತರ ಇದು: ಆಗಿದೆ ಕಣ್ರೋ, ನಮ್ಮೋರ ಮಧ್ಯೆನೇ ಆಗಿದೆ, ನಾವು ಹೇಳ್ಕೊಳ್ಳಲಿಲ್ಲ. ಲಿಂಗರಾಜಪುರದ ಆ ಅಮ್ಮ ಕೇಳಿದ ಮೇಲೆ ನಾನೊಂದು ನೋಟ್‌ಬುಕ್ ಇಟ್ಟಿದೀನಿ, ಹೋದ ಕಡೆಯೆಲ್ಲಾ ವಯಸ್ಸಾದೋರ ಹತ್ರ ಕೂತು ಕೇಳ್ತೀನಿ, ನಿಮ್ಮ ಮನೇಲಿ ಮೊದಲು ಪ್ರಾರ್ಥನೆ ಶುರು ಮಾಡಿದ್ದು ಯಾರು, ಯಾವ ಊರು, ಯಾವ ವರ್ಷ ಅಂತ. ಮೊದಲನೇ ಪುಟದಲ್ಲಿ ಆ ಅಮ್ಮನ ಹೆಸರೇ ಬರೆದೆ. "ನಂದ್ಯಾಕಮ್ಮಾ" ಅಂದ್ರು, ಆಮೇಲೆ ಕಾಗುಣಿತ ಸರಿಯಾಗಿದ್ಯಾ ಅಂತ ಮಗಳ ಕೈಲಿ ಓದಿಸಿ ನೋಡಿದ್ರು.