‘ಅಜ್ಜ ನಿಮಗೇನು ಬಿಟ್ಟುಹೋದರು?’

ಅಜ್ಜನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ: ‘ಜೀವನವಿಡೀ ದುಡಿದ ರೈತರು, ನಿಮಗೇನು ಬಿಟ್ಟುಹೋದರು?’ ಕೇಳುವವರ ಮನಸ್ಸಿನಲ್ಲಿರುವುದು ಎಕರೆಗಳ ಲೆಕ್ಕ. ಅದು ಬೇಗ ಮುಗಿಯುತ್ತದೆ. ಇದ್ದ ಹೊಲ ಮಕ್ಕಳಲ್ಲಿ ಹಂಚಿ, ಮೊಮ್ಮಕ್ಕಳಲ್ಲಿ ಮತ್ತೆ ಹಂಚಿ, ನನ್ನ ಪಾಲಿಗೆ ಬಂದದ್ದು ಎಕರೆಗೂ ಕಡಿಮೆ. ಜೊತೆಗೆ ಒಂದು ನೋಟ್‌ಪುಸ್ತಕ. ಅದು ಬೇಕೆಂದು ಬೇರೆ ಯಾರೂ ಕೇಳಲಿಲ್ಲ, ಹಾಗಾಗಿ ನನಗೆ ಸಿಕ್ಕಿತು.

ಇಳುವರಿಯ ಲೆಕ್ಕವಿರಬಹುದೆಂದು ತೆರೆದೆ. ಇದ್ದದ್ದು ಬರೀ ತಪ್ಪುಗಳು. ‘ನೆಲ ಹಸಿ ಇರುವಾಗಲೇ ಉತ್ತೆ, ಹೆಂಟೆ ಕಲ್ಲಾಯಿತು.’ ‘ಪಕ್ಕದವರು ಬಿತ್ತಿದರೆಂದು ನಾನೂ ಬಿತ್ತಿದೆ.’ ‘ಕೂಳೆಗೆ ಬೆಂಕಿ ಹಾಕಿದ್ದು ತಪ್ಪು, ಇನ್ನು ಇಲ್ಲ.’ ಬೆಳೆ ಚೆನ್ನಾಗಿ ಬಂದ ವರ್ಷಗಳ ಪುಟ ಖಾಲಿ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಭಾಷಣ ಮಾಡುವವರನ್ನು ಕಂಡಾಗ ಈ ಪುಸ್ತಕವನ್ನು ಅವರ ಕೈಗಿಡಬೇಕೆನಿಸುತ್ತದೆ.

ಅಜ್ಜನಿಗೆ ಚೆನ್ನಾಗಿ ಗೊತ್ತಿದ್ದದ್ದು ಪರೀಕ್ಷೆ ಮಾಡಿ ನೋಡುವುದು. ಬಿತ್ತನೆಗೆ ವಾರವಿರುವಾಗ 100 ಕಾಳು ಎಣಿಸಿ, ಒದ್ದೆ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲು ಮಾಡಿ, ಸುರುಳಿ ಸುತ್ತಿ ನೆರಳಿನಲ್ಲಿಡುತ್ತಿದ್ದರು. ಬಿಚ್ಚಿದ ದಿನ ಮೊಳಕೆ ಎಣಿಸುವ ಕೆಲಸ ಮೊಮ್ಮಕ್ಕಳದು. ಬೂಷ್ಟು ಹಿಡಿದದ್ದನ್ನು, ಸೊಟ್ಟಗಾಗಿ ಬೇರೇ ಬಿಡದ್ದನ್ನು ಲೆಕ್ಕಕ್ಕೆ ಸೇರಿಸಿದರೆ ಗದರುತ್ತಿದ್ದರು. 90 ಬಂದರೆ ಎಂದಿನಂತೆ ಬಿತ್ತನೆ, 70 ಆದರೆ ಬೀಜದ ಪ್ರಮಾಣ ಹೆಚ್ಚು, ಇನ್ನೂ ಕೆಳಗಿಳಿದರೆ ಬೇರೆ ಬೀಜ ಹುಡುಕಬೇಕು. ಆ ಬಟ್ಟೆ ಬಿಚ್ಚುವಾಗ ಬರುತ್ತಿದ್ದ ಹಸಿ ವಾಸನೆ ನನಗೆ ಇಂದಿಗೂ ಪರೀಕ್ಷೆಯ ಫಲಿತಾಂಶದ ವಾಸನೆ.

ದ್ವಿದಳ ಬೆಳೆಯಿದ್ದಾಗ ಒಂದು ಗಿಡ ಕಿತ್ತು, ಬೇರಿನ ಗಂಟನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ ತೋರಿಸುತ್ತಿದ್ದರು. ಒಳಗೆ ನಸುಗೆಂಪು ಕಂಡರೆ ‘ಬೇರಿಗೆ ರಕ್ತ ಬಂದಿದೆ’ ಎನ್ನುವರು. ಆ ಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆಂದೂ, 1888ರಲ್ಲಿ ಬೈಯರಿಂಕ್ ಎಂಬ ವಿಜ್ಞಾನಿ ಅದನ್ನು ಬೇರ್ಪಡಿಸಿದರೆಂದೂ, ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಳಗದ್ದೇ ಎಂದೂ ನಾನು ಓದಿದ್ದು ಬಹಳ ತಡವಾಗಿ. ಓಡಿಹೋಗಿ ಹೇಳೋಣವೆಂದರೆ ಅಜ್ಜ ಇರಲಿಲ್ಲ.

ಒಮ್ಮೆ ಮಾತ್ರ ನಾನು ಅವರಿಗೆ ಪಾಠ ಹೇಳಿದ್ದುಂಟು. ಅಗಲ ಬಾಯಿಯ ಡಬ್ಬಿಯೊಂದರಲ್ಲಿ ನಿಂತ ಮಳೆಯನ್ನು ನನ್ನ ಅಳತೆಪಟ್ಟಿಯಿಂದ ಅಳೆಯುತ್ತಿದ್ದರು. 1 ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು ಎಂದೆ. ನಂಬಲಿಲ್ಲ, ಎರಡು ಸಲ ಗುಣಾಕಾರ ಮಾಡಿಸಿದರು. ಆಮೇಲೆ ಪುಸ್ತಕ ತೆಗೆದು ಬರೆದರು: ‘ಬದು ಒಡೆದದ್ದನ್ನು ಮೂರು ಮಳೆ ಸುಮ್ಮನೆ ನೋಡಿದೆ.’

2014ನ್ನು ವಿಶ್ವಸಂಸ್ಥೆ ಕೌಟುಂಬಿಕ ಕೃಷಿಯ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ್ದನ್ನು ಓದಿ ಹೇಳಿದಾಗ, ‘ಉಳಿದ ವರ್ಷ ಯಾರದಂತೆ?’ ಎಂದು ಕೇಳಿದ್ದರು.

ಇಷ್ಟೆಲ್ಲ ಅಜ್ಜನ ಹೆಸರಿಗೆ ಜಮೆಯಾಗುವುದು ನನಗೆ ಪೂರ್ತಿ ಒಪ್ಪಿಗೆಯಲ್ಲ. ಬಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದ ಬೀಜವನ್ನು ಆರಿಸಿ, ಒಣಗಿಸಿ, ಹಲ್ಲಿನಲ್ಲಿ ಕಚ್ಚಿ ‘ಕಟ್’ ಎಂದರೆ ಮಾತ್ರ ತುಂಬಿಡುತ್ತಿದ್ದವರು ಅಜ್ಜಿ. ಅಕ್ಷರ ಬಾರದ ಅವರಿಗೆ ಪುಸ್ತಕದಲ್ಲಿ ಜಾಗವಿಲ್ಲ. ಆದರೆ ‘ಆಗಲೇ ಹೇಳಿದ್ದಳು’ ಎಂಬ ಸಾಲು ನಾಲ್ಕು ಕಡೆ ಇದೆ.

ಅರ್ಥವಾಗದ ಪುಟವೂ ಒಂದಿದೆ. ‘ತೆಂಕಣ ಮೂಲೆ. ಮತ್ತೆ ಅದೇ ತಪ್ಪು.’ ಯಾವ ತಪ್ಪೆಂದು ಬರೆದಿಲ್ಲ. ಅಪ್ಪನಿಗೆ ಗೊತ್ತಿಲ್ಲ, ಚಿಕ್ಕಪ್ಪನಿಗೂ ಗೊತ್ತಿಲ್ಲ. ಆ ಮೂಲೆಯೇ ನನ್ನ ಪಾಲಿಗೆ ಬಂದಿದೆ. ಈ ಸಲ ಬೀಜದ ಪರೀಕ್ಷೆಯಲ್ಲಿ 92 ಬಂದಿತ್ತು, ಹದ ನೋಡಿಯೇ ಬಿತ್ತಿದೆ. ಉಳಿದ ಕಡೆ ಪೈರು ಮೊಣಕಾಲುದ್ದ ನಿಂತಿದೆ, ಅಲ್ಲಿ ಗೇಣುದ್ದವೂ ಇಲ್ಲ. ಅಜ್ಜನ ಸಾಲಿನ ಕೆಳಗೆ ತಾರೀಖು ಹಾಕಿ ‘ನಾನೂ’ ಎಂದು ಬರೆದೆ.