ಇತ್ತ ಎಲ್ಲರೂ ಕ್ಷೇಮ

ಕಳೆದ ಅಕ್ಟೋಬರಿನಲ್ಲಿ ಒಂದು ದಿನ ಆಫೀಸಿಗೆ ರಜೆ ಹಾಕಿ ಚಾಪೆಲ್ ಹಿಲ್‌ಗೆ ಹೋದೆ. ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ನಾವಿರುವ ಕ್ಯಾರಿ ಊರಿನಿಂದ ಅರ್ಧ ಗಂಟೆಯ ದಾರಿ. ಅಲ್ಲಿನ ವಿಶ್ವವಿದ್ಯಾಲಯದ ವಿಲ್ಸನ್ ಲೈಬ್ರರಿಯಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹಳೇ ಮನೆತನಗಳ ಕಾಗದಪತ್ರಗಳನ್ನು 1930ರಿಂದ ಕೂಡಿಡುತ್ತಾ ಬಂದಿದ್ದಾರೆ. ನನಗೆ ಬೇಕಾಗಿದ್ದದ್ದು ಕ್ಯಾಮರಾನ್ ಮನೆತನದ ಪತ್ರಗಳು.

ಅದಕ್ಕೆ ಹಿಂದಿನ ತಿಂಗಳು ಮಕ್ಕಳನ್ನು ಕರೆದುಕೊಂಡು ಡರಂ ಹತ್ತಿರದ, ಆ ಮನೆತನದ ಹಳೇ ಎಸ್ಟೇಟಾದ ಸ್ಟ್ಯಾಗ್‌ವಿಲ್ ನೋಡಿಬಂದಿದ್ದೆವು. 1860ರ ಹೊತ್ತಿಗೆ ಕ್ಯಾಮರಾನ್ ಮನೆತನಕ್ಕೆ ಸುಮಾರು 30,000 ಎಕರೆ ಜಮೀನಿತ್ತು. ಸುಮಾರು 900 ಜನ ಗುಲಾಮರಿದ್ದರು. ಅವರಲ್ಲಿ ಕೆಲವರು ವಾಸವಿದ್ದ ಮರದ ಮನೆಗಳು ಇನ್ನೂ ನಿಂತಿವೆ. ಅವುಗಳ ಹೊಗೆಗೂಡಿನ ಇಟ್ಟಿಗೆಯ ಮೇಲೆ ಅದನ್ನು ಮಾಡಿದವರ ಬೆರಳಿನ ಗುರುತಿದೆ. ಅದನ್ನು ನೋಡಿ ಮಗಳು, "ಇವರು ಏನಾದ್ರೂ ಬರೆದಿಟ್ಟಿದ್ದಾರಾ ಅಮ್ಮಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು.

ಓದುವ ಕೋಣೆಗೆ ಬ್ಯಾಗು ಒಯ್ಯುವ ಹಾಗಿಲ್ಲ. ಪೆನ್ನೂ ಇಲ್ಲ, ಪೆನ್ಸಿಲ್ ಮಾತ್ರ. ಪೆಟ್ಟಿಗೆಯಿಂದ ಒಂದು ಸಲಕ್ಕೆ ಒಂದೇ ಕಡತ ತೆಗೆಯಬೇಕು. ಮೊದಲ ಅರ್ಧ ಗಂಟೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಕಪ್ಪು ಶಾಯಿ ಕಂದಿ ಕಾಫಿ ಬಣ್ಣಕ್ಕೆ ತಿರುಗಿದೆ. ಕೆಲವರು ಹಾಳೆ ತುಂಬಿದ ಮೇಲೆ ಅದನ್ನೇ ಪಕ್ಕಕ್ಕೆ ತಿರುಗಿಸಿ, ಬರೆದದ್ದರ ಮೇಲೆಯೇ ಅಡ್ಡಕ್ಕೆ ಬರೆದಿದ್ದಾರೆ. ಚಾಪೆ ಹೆಣೆದ ಹಾಗೆ ಕಾಣುತ್ತದೆ. ಅಂಚೆ ಅಷ್ಟು ದುಬಾರಿಯಿತ್ತು. 1845ಕ್ಕೆ ಮುಂಚೆ ಹಾಳೆಯ ಲೆಕ್ಕದಲ್ಲಿ ದರ. ದೂರ 400 ಮೈಲಿ ದಾಟಿದರೆ ಒಂದು ಹಾಳೆಗೆ 25 ಸೆಂಟ್. ಅದನ್ನೂ ಹೆಚ್ಚಾಗಿ ಪತ್ರ ಬಂದವರೇ ಕೊಟ್ಟು ಬಿಡಿಸಿಕೊಳ್ಳಬೇಕು. ಲಕೋಟೆ ಇಲ್ಲ. ಹಾಳೆಯನ್ನೇ ಮಡಚಿ, ಅಂಟಿಸಿ, ಹೊರಮೈ ಮೇಲೆ ವಿಳಾಸ ಬರೆಯುವುದು. ನಮ್ಮ ಇನ್‌ಲ್ಯಾಂಡ್ ಲೆಟರಿನ ಹಾಗೆಯೇ ಅಲ್ವಾ?

ನಮ್ಮಜ್ಜ ಸಾಗರದಿಂದ ಅಪ್ಪನಿಗೆ ಬರೆಯುತ್ತಿದ್ದ ಕಾಗದಗಳು ನೆನಪಾದವು. ಅಪ್ಪ ಆಗ ಹಾಸ್ಟೆಲಿನಲ್ಲಿದ್ದರು. ಅಜ್ಜನೂ ಅಂಚಿನಲ್ಲೆಲ್ಲ ತುಂಬಿಸಿ ಬರೆಯುತ್ತಿದ್ದರು. "ಇತ್ತ ಎಲ್ಲರೂ ಕ್ಷೇಮ" ಎಂದು ಶುರು. ಆಮೇಲೆ ಅಡಿಕೆ ಧಾರಣೆ, ಯಾರದೋ ಮದುವೆ, 1974ರ ಭೂಸುಧಾರಣೆ ಕಾಯ್ದೆ ಬಂದಮೇಲಂತೂ ಭೂನ್ಯಾಯಮಂಡಳಿಯ ವಿಚಾರ.

ಕ್ಯಾಮರಾನ್ ಮನೆಯ ಪತ್ರಗಳ ಓಟವೂ ಅದೇ. ಕಾಯಿಲೆ, ಮಳೆ, ಬೆಳೆ, ಚುನಾವಣೆ, ಯಾರು ಯಾರನ್ನು ನೋಡಲು ಬಂದಿದ್ದರು ಎನ್ನುವ ಸುದ್ದಿ. ಓದುತ್ತಾ ಓದುತ್ತಾ ಆ ಮನೆಯವರು ಹತ್ತಿರದವರು ಅನ್ನಿಸತೊಡಗುತ್ತಾರೆ. ಹಾಗೆ ಅನ್ನಿಸಿದ್ದೇ ನನಗೆ ಭಯ ಹುಟ್ಟಿಸಿತು.

ಯಾಕೆಂದರೆ ಅದೇ ಕೈಬರಹ, ಅದೇ ಅಕ್ಕರೆ ಮನುಷ್ಯರ ಲೆಕ್ಕವನ್ನೂ ಬರೆಯುತ್ತದೆ. 1844ರಲ್ಲಿ ಈ ಮನೆಯ ಮಗ ಪಾಲ್ ಕ್ಯಾಮರಾನ್ ಅಲಬಾಮಾದಲ್ಲಿ ಹತ್ತಿ ಬೆಳೆಯಲು ಜಮೀನು ಕೊಂಡ. ನಾರ್ತ್ ಕ್ಯಾರೊಲಿನಾದಿಂದ 114 ಜನರನ್ನು ಅಲ್ಲಿಗೆ ಸಾಗಿಸಿದ. ಐನೂರು ಮೈಲಿಗೂ ಜಾಸ್ತಿ ದಾರಿ. ಹಿಂದೆ ಉಳಿದ ಅಪ್ಪ, ಅಮ್ಮ, ಅಕ್ಕ, ತಂಗಿಯರನ್ನು ಮತ್ತೆ ನೋಡುವ ಭರವಸೆ ಇಲ್ಲ. ಯಜಮಾನನ ಕಡೆಯವರಿಗೆ ಕಾಗದ ಹೋಗುತ್ತಿತ್ತು, ಬರುತ್ತಿತ್ತು. ಆ 114 ಜನರಿಗೆ ಯಾರು ಬರೆಯಬೇಕು? ಗುಲಾಮರಿಗೆ ಓದುಬರಹ ಕಲಿಸುವುದೇ ಅಪರಾಧ ಎಂದು ನಾರ್ತ್ ಕ್ಯಾರೊಲಿನಾ 1830ರಲ್ಲೇ ಕಾನೂನು ಮಾಡಿತ್ತು. ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಪಾಲ್‌ನ ಹೆಂಡತಿಯ ಅಪ್ಪ ಥಾಮಸ್ ರಫಿನ್, ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶ. 1829ರಲ್ಲಿ ಅವನ ಮುಂದೆ ಒಂದು ಕೇಸು ಬಂತು. ಲಿಡಿಯಾ ಎಂಬ ಗುಲಾಮ ಹೆಣ್ಣುಮಗಳು ಹೊಡೆತ ತಪ್ಪಿಸಿಕೊಂಡು ಓಡುವಾಗ, ಅವಳನ್ನು ಬಾಡಿಗೆಗೆ ಪಡೆದಿದ್ದ ಜಾನ್ ಮ್ಯಾನ್ ಗುಂಡು ಹೊಡೆದಿದ್ದ. ಕೆಳಗಿನ ಕೋರ್ಟು ತಪ್ಪಿತಸ್ಥ ಎಂದಿತ್ತು. ರಫಿನ್ ಅದನ್ನು ತಳ್ಳಿಹಾಕಿದ. ಗುಲಾಮ ಪೂರ್ತಿ ತಗ್ಗಿ ನಡೆಯಬೇಕಾದರೆ ಯಜಮಾನನ ಅಧಿಕಾರಕ್ಕೆ ಮಿತಿ ಇರಬಾರದು, ಇದು ಅವನ ತೀರ್ಪಿನ ತಿರುಳು. ಅಂಥ ಮನುಷ್ಯ ಅಳಿಯನಿಗೂ ಮಗಳಿಗೂ ಮಾವನಾಗಿ, ಅಪ್ಪನಾಗಿ ಪತ್ರ ಬರೆಯುತ್ತಾನೆ. ಆಸ್ತಿ, ರಾಜಕೀಯ, ಬೀಗತನ, ಮೂರೂ ಬೇರೆ ಬೇರೆ ಎಂದು ಅಂದುಕೊಂಡು ನಾನು ಓದಲು ಕೂತಿದ್ದೆ. ಆ ಮನೆಯೊಳಗೆ ಮೂರೂ ಒಂದೇ ಊಟದ ಮೇಜಿನ ಮಾತು.

ಇನ್ನೊಂದು ವಿಷಯ. ಆ ಕಾಲದ ಯಜಮಾನರ ಪತ್ರಗಳಲ್ಲಿ 'ಗುಲಾಮ' ಎಂಬ ಪದ ಹುಡುಕಿದರೆ ಸುಲಭಕ್ಕೆ ಸಿಗುವುದಿಲ್ಲ. 'ನಮ್ಮ ಜನ', 'ಮನೆಯ ಸೇವಕರು' ಎಂದೇ ಬರೆಯುತ್ತಾರೆ. ಬಿಳಿಯರೂ ಕರಿಯರೂ ಸೇರಿದ ನಮ್ಮ ಸಂಸಾರ ಎನ್ನುವುದೂ ಅವರಲ್ಲಿ ರೂಢಿಯ ಮಾತು. ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಆಮೇಲೆ ಈ ಮನೆಯಲ್ಲಿ ಗುಲಾಮಳಾಗಿದ್ದ ಮೇರಿ ವಾಕರ್‌ಳ ಸುದ್ದಿ. ಅವಳ ವಿಷಯದ ಒಂದು ಕಾಗದ ಇದೆ ಎಂದು ಗೊತ್ತಿದ್ದೇ ನಾನು ಬಂದದ್ದು. ಪಾಲ್‌ನ ತಂಗಿ ಮಿಲ್‌ಡ್ರೆಡ್‌ಗೆ ಕಾಯಿಲೆ. ಚಿಕಿತ್ಸೆಗೆ ಫಿಲಡೆಲ್ಫಿಯಾಕ್ಕೆ ಹೋಗುವಾಗ ಸೇವೆಗೆಂದು ಮೇರಿಯನ್ನು ಕರೆದೊಯ್ಯುತ್ತಿದ್ದರು. 1848ರಲ್ಲಿ ಅವಳು ಅಲ್ಲಿಂದಲೇ ತಪ್ಪಿಸಿಕೊಂಡಳು. ಅವಳ ಅಮ್ಮ ಮತ್ತು ಮಕ್ಕಳು ಇಲ್ಲಿ ರಾಜ್ಯದ ರಾಜಧಾನಿ ರಾಲಿಯಲ್ಲೇ ಉಳಿದರು. ಹನ್ನೊಂದು ವರ್ಷದ ಮೇಲೆ, 1859ರಲ್ಲಿ, ಅವಳಿಗೆ ಆಸರೆ ಕೊಟ್ಟಿದ್ದ ಪೀಟರ್ ಲೆಸ್ಲಿ ಎಂಬ ಭೂವಿಜ್ಞಾನಿ ಮಿಲ್‌ಡ್ರೆಡ್‌ಗೆ ಪತ್ರ ಬರೆದ. ಮಕ್ಕಳನ್ನು ಬಿಟ್ಟುಕೊಡಿ, ಬೆಲೆ ಕೊಡುತ್ತೇವೆ ಎಂದು. ಅಂದರೆ ಒಬ್ಬ ತಾಯಿ ತನ್ನ ಮಕ್ಕಳನ್ನೇ ಕೊಂಡುಕೊಳ್ಳಲು, ಹಿಂದೆ ತಾನು ಆರೈಕೆ ಮಾಡಿದ್ದ ಹೆಂಗಸಿಗೆ, ಬೇರೆಯವರ ಕೈಯಿಂದ ಕಾಗದ ಬರೆಸಬೇಕಾಯಿತು.

ಮಕ್ಕಳ ಜ್ವರ, ನೆಗಡಿಗೆಲ್ಲ ಪುಟಗಟ್ಟಲೆ ಬರೆದ ಮನೆ ಇದು. ಇದಕ್ಕೆ ಏನು ಉತ್ತರ ಹೋಯಿತೆಂದು ಮುಂದಿನ ಕಡತ, ಅದರ ಮುಂದಿನ ಕಡತ ತಿರುವಿದೆ. ಸಿಗಲಿಲ್ಲ. ಮಕ್ಕಳನ್ನಂತೂ ಬಿಡಲಿಲ್ಲ. ಒಬ್ಬ ಮಗ ಅಷ್ಟರಲ್ಲಿ ತಾನೇ ಓಡಿಹೋಗಿದ್ದ. ಉಳಿದ ಇಬ್ಬರು ಅಮ್ಮನ ಮುಖ ಕಂಡದ್ದು 1865ರಲ್ಲಿ, ಅಂತರ್ಯುದ್ಧದ ಕೊನೆಗೆ ಉತ್ತರದ ರಾಜ್ಯಗಳ ಸೈನ್ಯ ರಾಲಿಗೆ ಬಂದಮೇಲೆ. ಹದಿನೇಳು ವರ್ಷ. ನನ್ನ ಮಗಳಿಗೆ ಈಗ ಒಂಬತ್ತು. ಆ ಲೆಕ್ಕ ಹಾಕದೆ ಇರಲು ಆಗಲಿಲ್ಲ.

ಬಾಗಿಲು ಹಾಕುವ ಹೊತ್ತಾಯಿತು ಎಂದರು. ಕಡತವನ್ನು ಇದ್ದ ಹಾಗೆ ಜೋಡಿಸಿ ಕೊಟ್ಟು, ಕಾರಿನಲ್ಲಿ ಕೂತು ಅಮ್ಮನಿಗೆ ಫೋನ್ ಮಾಡಿದೆ. ಊರಿನಲ್ಲಿ ಅದು ನಡುರಾತ್ರಿ ದಾಟಿದ ಹೊತ್ತು. ಅಮ್ಮ ಗಾಬರಿಯಲ್ಲೇ ಎತ್ತಿದರು.

ಅಜ್ಜನ ಕಾಗದಗಳಲ್ಲಿ ಪದೇ ಪದೇ ಒಂದು ಸಾಲು ಬರುತ್ತಿತ್ತು. 'ಆಳಿಗೆ ಜ್ವರ, ತೋಟದ ಕೆಲಸ ನಿಂತಿದೆ.' 'ಆಳು ಸಾಲ ಕೇಳಿದ್ದಾನೆ.' ಅಜ್ಜ ಯಾರನ್ನೂ ಮಾರಲಿಲ್ಲ, ಕೊಳ್ಳಲಿಲ್ಲ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಲು ನಾನು ಹೊರಟಿಲ್ಲ. ಆದರೆ ಮನೆಯ ದನಗಳ ಸುದ್ದಿಯನ್ನೆಲ್ಲ ಹೆಸರು ಹಿಡಿದು ಬರೆಯುತ್ತಿದ್ದ ಅಜ್ಜ, ಆ ಮನುಷ್ಯನ ಹೆಸರನ್ನು ಒಂದು ಸಲವೂ ಬರೆದದ್ದು ನನಗೆ ನೆನಪಿಲ್ಲ.

"ಅಮ್ಮಾ, ಅಜ್ಜನ ತೋಟದಲ್ಲಿ ಇದ್ರಲ್ಲ, ಅವರ ಹೆಸರೇನು?"

"ಯಾರು, ನಮ್ಮ ಆಳಾ? ಮನೆಯವನ ಹಾಗೇ ಇದ್ದ ಕಣೇ." ಸ್ವಲ್ಪ ಹೊತ್ತು ಮಾತಿಲ್ಲ. ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. "ನೆನಪಾಗ್ತಿಲ್ವಲ್ಲೇ. ತಡಿ, ಬೆಳಿಗ್ಗೆ ಚಿಕ್ಕಪ್ಪನ್ನ ಕೇಳ್ತೀನಿ."